ನಮಗೆ ಕಾನೂನು, ಅವರಿಗೆ ಮಾರ್ಕೆಟ್ಟು

“ಟೆಕ್ಸಾಸ್‌ನಲ್ಲಿ ಸ್ಟೇಟ್ ಟ್ಯಾಕ್ಸೇ ಇಲ್ಲ ಕಣ್ರೀ, ದುಡಿದದ್ದೆಲ್ಲ ನಮ್ಮ ಕೈಗೇ ಬರುತ್ತೆ.” ಕ್ಯಾಲಿಫೋರ್ನಿಯಾದಿಂದಲೋ ನ್ಯೂಜೆರ್ಸಿಯಿಂದಲೋ ಗಂಟುಮೂಟೆ ಕಟ್ಟಿಕೊಂಡು ಡಾಲಸ್, ಆಸ್ಟಿನ್ ಕಡೆ ಬಂದ ಕನ್ನಡಿಗರ ಮನೆಗಳಲ್ಲಿ ಈ ಮಾತನ್ನು ನೀವು ಕೇಳಿರುತ್ತೀರಿ. ಹೇಳಿಯೂ ಇರುತ್ತೀರಿ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತೆ: “ಇಲ್ಲಿ ಮೈಮುರಿದು ದುಡಿಯೋನಿಗೆ ಬಡತನ ಅನ್ನೋದೇ ಇಲ್ಲ.” ಊಟ ಮುಗಿದು ಕಾಫಿ ಬರೋ ಹೊತ್ತಿಗೆ ಮೂರನೆಯದು: “ಯಾರಿಗೆ ಎಷ್ಟು ಕೂಲಿ ಅನ್ನೋದನ್ನ ಮಾರ್ಕೆಟ್ ತೀರ್ಮಾನ ಮಾಡ್ಬೇಕು. ಅಲ್ಲಿ ಸರ್ಕಾರಕ್ಕೇನ್ರೀ ಕೆಲಸ?”

ಮೊದಲನೆಯ ಮಾತು ಅರ್ಧ ಸತ್ಯ. ಎರಡನೆಯದು ಸುಳ್ಳು. ಮೂರನೆಯದನ್ನು ಬೇರೆ ಯಾರು ಬೇಕಾದರೂ ಹೇಳಲಿ, ಎಚ್-1ಬಿ ವೀಸಾ ಹಿಡಿದು ಈ ದೇಶಕ್ಕೆ ಬಂದ ನಾವು ಮಾತ್ರ ಹೇಳೋ ಹಾಗಿಲ್ಲ. ಯಾಕೆ ಅಂತ ಹೇಳೋಕೇ ಈ ಬರಹ.

ಸರಾಸರಿಯೊಳಗೆ ಏನೇನಿದೆ?

ಅಂಕಿ-ಅಂಶ ನನ್ನ ಹೊಟ್ಟೆಪಾಡು. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಒಂದು ರಾಜ್ಯದ ಜನ ಎಷ್ಟು ಸ್ಥಿತಿವಂತರು ಅಂತ ಹೇಳೋಕೆ ಪತ್ರಿಕೆಗಳೂ ರಾಜಕಾರಣಿಗಳೂ ಸಾಮಾನ್ಯವಾಗಿ ಎತ್ತಿಕೊಳ್ಳೋದು ತಲಾ ವೈಯಕ್ತಿಕ ಆದಾಯದ ಅಂಕಿಯನ್ನು. ಇದನ್ನು ಲೆಕ್ಕ ಹಾಕುವುದು ಅಮೆರಿಕದ ವಾಣಿಜ್ಯ ಇಲಾಖೆಯ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್. ಹೆಸರು ಕೇಳಿದರೆ ಜನರ ಜೇಬಿಗೆ ಬಂದ ದುಡ್ಡು ಅನ್ನಿಸುತ್ತೆ. ಒಳಗೆ ಏನೇನಿದೆ ನೋಡಿ. ಸಂಬಳ ಇದೆ, ಸರಿ. ನಿಮ್ಮ ಕಂಪನಿ ನಿಮ್ಮ ಪರವಾಗಿ ಕಟ್ಟುವ ಆರೋಗ್ಯ ವಿಮೆಯ ಪ್ರೀಮಿಯಂ ಇದೆ, 401ಕೆಗೆ ಹಾಕುವ ಪಾಲು ಇದೆ. ಬಡ್ಡಿ, ಡಿವಿಡೆಂಡ್, ಬಾಡಿಗೆ, ತೈಲ ಬಾವಿಯ ರಾಯಲ್ಟಿ ಎಲ್ಲ ಇದೆ. ಸ್ವಂತ ಮನೆಯಲ್ಲಿ ಇರುವವರು ಆ ಮನೆಯನ್ನು ತಮಗೆ ತಾವೇ ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಉಳಿಯುತ್ತಿತ್ತು ಅಂತ ಅಂದಾಜು ಮಾಡಿ, ಯಾರ ಕೈಗೂ ಬಾರದ ಆ ಬಾಡಿಗೆಯನ್ನೂ ಸೇರಿಸುತ್ತಾರೆ. ಮೆಡಿಕೇರ್, ಮೆಡಿಕೇಡ್‌ನವರು ಆಸ್ಪತ್ರೆಗೆ ಕಟ್ಟಿದ ಬಿಲ್ಲೂ ರೋಗಿಯ ‘ಆದಾಯ’ವೇ. ಅಂದರೆ ಒಂದು ಊರಿನ ಮುದುಕರು ಹೆಚ್ಚು ಹೆಚ್ಚು ಆಸ್ಪತ್ರೆ ಸೇರಿದಷ್ಟೂ ಆ ಊರಿನ ತಲಾ ಆದಾಯ ಮೇಲೇರುತ್ತೆ!

ಇದು ಮೋಸ ಅಂತ ನಾನು ಹೇಳ್ತಿಲ್ಲ. ದೇಶದ ಒಟ್ಟು ಲೆಕ್ಕ ಸರಿಹೋಗಬೇಕಾದರೆ ಇವನ್ನೆಲ್ಲ ಸೇರಿಸಲೇಬೇಕು. ಮೋಸ ಶುರುವಾಗೋದು ಈ ಮೊತ್ತವನ್ನು ತಲೆಗಳ ಲೆಕ್ಕದಿಂದ ಭಾಗಿಸಿ, ಬಂದ ಉತ್ತರವನ್ನು ‘ಟೆಕ್ಸಾಸ್‌ನವರ ದುಡಿಮೆ’ ಅಂತ ಕರೆದಾಗ.

ಪಶ್ಚಿಮದ ಮಿಡ್‌ಲ್ಯಾಂಡ್ ನೋಡಿ. ಪರ್ಮಿಯನ್ ಬೇಸಿನ್‌ನ ತೈಲದ ಮೇಲೆ ಕೂತಿರುವ ಆ ಊರಿನ ತಲಾ ಆದಾಯ ಇಡೀ ದೇಶದಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿದೆ. ಅಲ್ಲಿ ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ನಿಂತವಳ ಕೈಗೆ ರಾಯಲ್ಟಿ ಬರಲ್ಲ. ಆದರೆ ಭಾಗಾಕಾರ ಮಾಡುವಾಗ ಅವಳ ಪಾಲಿಗೂ ಒಂದಷ್ಟು ಬಂತು ಅಂತ ಕಾಗದ ಹೇಳುತ್ತೆ. ಹಾಗಾಗಿ ನಾನು ನೋಡೋದು ನಡುವಿನ ಕುಟುಂಬವನ್ನು. ಎಲ್ಲ ಕುಟುಂಬಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಕುಟುಂಬ ಅದು. ಪ್ಲೇನೋ, ಫ್ರಿಸ್ಕೋಗಳಿರುವ ಕಾಲಿನ್ ಕೌಂಟಿಯಲ್ಲಿ ಆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ಡಾಲರ್ ದಾಟುತ್ತೆ. ಮೆಕ್ಸಿಕೋ ಗಡಿಯ ಹಿಡಾಲ್ಗೊ ಕೌಂಟಿಯಲ್ಲಿ ಅದರ ಸುಮಾರು ಅರ್ಧ. ಇಡೀ ರಾಜ್ಯಕ್ಕೆ 2023ರಲ್ಲಿ ಸುಮಾರು 76 ಸಾವಿರ ಡಾಲರ್ ಇತ್ತು, ಇಡೀ ದೇಶದ ಅಂಕಿಗಿಂತ ಚೂರು ಕಡಿಮೆಯೇ. ಪ್ರಪಂಚದ ದೊಡ್ಡ ದೊಡ್ಡ ದೇಶಗಳ ಜೊತೆ ಹೋಲಿಸಿಕೊಳ್ಳೋ ಆರ್ಥಿಕತೆ ಇದು!

ಕಾಲಿನ್ ಕೌಂಟಿಯ ಅಂಕಿಯನ್ನು ಮೇಲೆತ್ತಿದವರಲ್ಲಿ ನಾವೂ ಇದ್ದೇವೆ. ತಪ್ಪೇನಿಲ್ಲ. ಆದರೆ ನಾವೇ ಮೇಲೆತ್ತಿದ ಸರಾಸರಿಯನ್ನು ತೋರಿಸಿ, “ಇಷ್ಟು ದುಡ್ಡಿರೋ ರಾಜ್ಯದಲ್ಲಿ ಇದ್ದೂ ಮೇಲೆ ಬರಲಿಲ್ಲ ಅಂದ್ರೆ ಅವರೇ ಸೋಮಾರಿಗಳು” ಅನ್ನೋದಿದೆಯಲ್ಲ, ಅದು ತಪ್ಪು.

ಏಳೂಕಾಲು ಡಾಲರ್

ಈಗ ಎರಡನೆಯ ಮಾತಿಗೆ ಬರೋಣ, ದುಡಿಯೋನಿಗೆ ಬಡತನ ಇಲ್ಲ ಅನ್ನೋದಕ್ಕೆ.

ಟೆಕ್ಸಾಸ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಇದು ಕೇಂದ್ರ ಸರ್ಕಾರದ ದರ. ರಾಜ್ಯ ಅದನ್ನೇ ತನ್ನದು ಅಂತ ಒಪ್ಪಿಕೊಂಡಿದೆ, ಒಂದು ಸೆಂಟ್ ಕೂಡ ಸೇರಿಸಿಲ್ಲ. ಈ ದರ ಜಾರಿಗೆ ಬಂದದ್ದು 2009ರ ಜುಲೈ 24ರಂದು. ಅವತ್ತಿನಿಂದ ಇವತ್ತಿನ ತನಕ ಅಲ್ಲೇ ನಿಂತಿದೆ. ಬೆಲೆ ಏರಿಕೆಯನ್ನು ಕಳೆದರೆ, 2009ರ ಲೆಕ್ಕದಲ್ಲಿ ಈಗ ಅದರ ಬೆಲೆ ಸುಮಾರು 5 ಡಾಲರ್ ಅಷ್ಟೇ. ಕೂಲಿ ಏರಿಸಿಲ್ಲ ಅಂದರೆ ಇದ್ದ ಹಾಗೇ ಬಿಟ್ಟಿದ್ದಾರೆ ಅಂತ ಅರ್ಥ ಅಲ್ಲ. ವರ್ಷ ವರ್ಷವೂ ಕಡಿಮೆ ಮಾಡುತ್ತಲೇ ಬಂದಿದ್ದಾರೆ ಅಂತ ಅರ್ಥ. ಹೋಟೆಲಿನಲ್ಲಿ ಬಡಿಸುವವರ ಕಥೆ ಇನ್ನೂ ಹಳೆಯದು. ಟಿಪ್ಸ್ ಬರುತ್ತೆ ಅನ್ನೋ ಕಾರಣಕ್ಕೆ ಮಾಲೀಕ ಕೈಯಿಂದ ಕೊಡಬೇಕಾದ್ದು 2.13 ಡಾಲರ್ ಮಾತ್ರ. ಟಿಪ್ಸ್ ಸೇರಿಸಿಯೂ 7.25 ಆಗದಿದ್ದರೆ ಕೊರತೆ ತುಂಬಿಕೊಡಬೇಕು, ಅಷ್ಟೇ. ಆ 2.13 ಬದಲಾಗದೆ ಇರೋದು 1991ರಿಂದ.

ನಿಮ್ಮ ಅಪ್ಪನೋ ಅಮ್ಮನೋ ಸರ್ಕಾರಿ ನೌಕರಿಯಲ್ಲಿ ಇದ್ದಿದ್ದರೆ ‘ತುಟ್ಟಿಭತ್ಯೆ’ ಅನ್ನೋ ಪದ ನಿಮಗೆ ಬಾಯಿಪಾಠ. ಡಿಎ ಎಷ್ಟು ಪರ್ಸೆಂಟ್ ಏರಿತು ಅಂತ ಪೇಪರಿನಲ್ಲಿ ಹುಡುಕುತ್ತಿದ್ದ ಮನೆಗಳಿಂದ ಬಂದವರು ನಾವು. ಕರ್ನಾಟಕದಲ್ಲಿ ಕನಿಷ್ಠ ವೇತನದ ಅಧಿಸೂಚನೆಗಳಲ್ಲೂ ಬೆಲೆ ಸೂಚ್ಯಂಕದ ಜೊತೆ ಏರುವ ತುಟ್ಟಿಭತ್ಯೆ ಇರುತ್ತೆ. ಜಾರಿ ಎಷ್ಟರ ಮಟ್ಟಿಗೆ ಆಗುತ್ತೆ ಅನ್ನೋದು ಬೇರೆ ಜಗಳ. ಆದರೆ ಬೆಲೆ ಏರಿದರೆ ಕೂಲಿ ಏರಬೇಕು ಅನ್ನೋ ತತ್ವವಾದರೂ ಕಾಗದದ ಮೇಲಿದೆ. ಟೆಕ್ಸಾಸ್‌ನಲ್ಲಿ ಅದೂ ಇಲ್ಲ.

ಸ್ವಲ್ಪ ಗುಣಾಕಾರ ಮಾಡಿ. ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ, ಒಂದು ದಿನವೂ ರಜೆ ಹಾಕದೆ ದುಡಿದರೆ 15,080 ಡಾಲರ್. ಒಬ್ಬಂಟಿ ಮನುಷ್ಯನಿಗೆ ಕೇಂದ್ರ ಸರ್ಕಾರ ಗುರುತಿಸಿದ 2025ರ ಬಡತನದ ಗೆರೆ 15,650 ಡಾಲರ್. ವರ್ಷಪೂರ್ತಿ ಮೈಮುರಿದವನು ಗೆರೆಯಿಂದ 570 ಡಾಲರ್ ಕೆಳಗೇ ಉಳಿದ. ಇನ್ನೊಂದು ವಿಷಯ ಕೇಳಿ. ಟೆಕ್ಸಾಸ್ ಮೆಡಿಕೇಡ್ ವಿಸ್ತರಣೆಯನ್ನು ಒಪ್ಪಿಲ್ಲ. ಮಕ್ಕಳಿಲ್ಲದ, ಅಂಗವೈಕಲ್ಯ ಇಲ್ಲದ, ದುಡಿಯೋ ವಯಸ್ಸಿನವನಿಗೆ ಎಷ್ಟೇ ಬಡವನಾದರೂ ಮೆಡಿಕೇಡ್ ಸಿಗಲ್ಲ. ಹೋಗಲಿ, ಒಬಾಮಾಕೇರ್ ವಿಮೆಯ ಸಬ್ಸಿಡಿ ತಗೊಳ್ಳೋಣ ಅಂದರೆ ಅದು ಸಾಮಾನ್ಯವಾಗಿ ಶುರುವಾಗೋದೇ ಬಡತನದ ಗೆರೆಯ ಮೇಲೆ. ಅಂದರೆ ಆ 570 ಡಾಲರ್ ಕಡಿಮೆ ದುಡಿದ ತಪ್ಪಿಗೆ ಅವನಿಗೆ ಅದೂ ಇಲ್ಲ, ಇದೂ ಇಲ್ಲ. ಆರೋಗ್ಯ ವಿಮೆ ಇಲ್ಲದವರ ಪ್ರಮಾಣದಲ್ಲಿ ಟೆಕ್ಸಾಸ್ ದೇಶಕ್ಕೇ ಮೊದಲು, ಸುಮಾರು ಆರು ಜನರಲ್ಲಿ ಒಬ್ಬರು. ಇವರೆಲ್ಲ ಸೋಮಾರಿಗಳಾ?

“ಏಳೂಕಾಲು ಈಗ ಯಾರು ಕೊಡ್ತಾರೆ?”

ಈ ಆಕ್ಷೇಪಣೆ ಬರುತ್ತೆ ಅಂತ ಗೊತ್ತು. ಫ್ರಿಸ್ಕೋದಲ್ಲಿ ಬರ್ಗರ್ ಅಂಗಡಿಯವರೂ ಅದಕ್ಕಿಂತ ಜಾಸ್ತಿ ಕೊಡ್ತಾರೆ. ನಿಜ, ಒಪ್ಪಿದೆ. ಹಾಗಿದ್ದರೆ ಕಾನೂನಿನ ದರವನ್ನು ಏರಿಸೋಕೆ ಇಷ್ಟೊಂದು ವಿರೋಧ ಯಾಕೆ? ಯಾರೂ ಕೊಡದ ದರವನ್ನು ಏರಿಸಿದರೆ ಯಾರಿಗೂ ನಷ್ಟ ಇಲ್ಲವಲ್ಲ!

ವಿರೋಧ ಇರೋದು ಅದು ಇನ್ನೂ ಕೆಲಸ ಮಾಡುತ್ತಿರೋದರಿಂದಲೇ. ಸಣ್ಣ ಊರುಗಳಲ್ಲಿ, ಗಡಿ ಕೌಂಟಿಗಳಲ್ಲಿ ಮಾಲೀಕ ಮಾತು ಶುರು ಮಾಡೋದೇ ಆ ದರದಿಂದ. ಸರ್ಕಾರವೇ ದುಡ್ಡು ಕೊಡುವ ಕೆಲಸಗಳನ್ನು ನೋಡಿ. ಮೆಡಿಕೇಡ್ ಮೂಲಕ ವೃದ್ಧರಿಗೆ, ಅಂಗವಿಕಲರಿಗೆ ಅವರ ಮನೆಗೇ ಹೋಗಿ ಸ್ನಾನ ಮಾಡಿಸಿ, ಊಟ ಮಾಡಿಸಿ, ಬಟ್ಟೆ ಬದಲಿಸುವ ಸಹಾಯಕಿಯರಿದ್ದಾರೆ. ಅವರಿಗೆ ಟೆಕ್ಸಾಸ್ ನಿಗದಿ ಮಾಡಿದ್ದ ಮೂಲ ಕೂಲಿ 2023ರ ತನಕ ಗಂಟೆಗೆ 8.11 ಡಾಲರ್. ಕೆಲಸಕ್ಕೆ ಜನ ಸಿಗದೆ ಇದ್ದಾಗ ಆ ವರ್ಷ 10.60ಕ್ಕೆ ಏರಿಸಿದರು. ನಮ್ಮ ಅಮ್ಮನ ವಯಸ್ಸಿನವರನ್ನು ಎತ್ತಿ ಕೂರಿಸುವ ಕೆಲಸಕ್ಕೆ 8.11!

ಕೂಲಿ ಹೆಚ್ಚಿಸಿದರೆ ಕೆಲಸ ಹೋಗುತ್ತೆ ಅನ್ನೋದು ಇನ್ನೊಂದು ವಾದ. ಇದನ್ನು ನಾನು ತಳ್ಳಿಹಾಕಲ್ಲ. ದೇಶದಾದ್ಯಂತ 15 ಡಾಲರ್ ಮಾಡಿದರೆ 14 ಲಕ್ಷ ಉದ್ಯೋಗ ಕಡಿಮೆಯಾಗಬಹುದು, 9 ಲಕ್ಷ ಜನ ಬಡತನದಿಂದ ಮೇಲೆ ಬರಬಹುದು ಅಂತ ಸಂಸತ್ತಿನ ಬಜೆಟ್ ಕಚೇರಿ 2021ರಲ್ಲಿ ಅಂದಾಜು ಮಾಡಿತ್ತು. ಇನ್ನೊಂದು ಕಡೆ, ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಏರಿಸಿದಾಗ ಪಕ್ಕದ ಪೆನ್ಸಿಲ್ವೇನಿಯಾಕ್ಕೆ ಹೋಲಿಸಿದರೆ ಫಾಸ್ಟ್‌ಫುಡ್ ಕೆಲಸಗಳು ಕಡಿಮೆಯಾಗಲಿಲ್ಲ ಅಂತ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ತೋರಿಸಿದರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಎಷ್ಟು ಏರಿಸಬೇಕು, ಎಷ್ಟು ವರ್ಷಗಳಲ್ಲಿ, ಎಲ್ಲೆಲ್ಲಿ ಅಂತ ಜಗಳ ಆಡೋಣ, ಅದು ಒಳ್ಳೆಯ ಜಗಳ. ಆದರೆ 2009ರ ದರವೇ ಸರಿ ಅಂತ ಆ ಎರಡು ಅಧ್ಯಯನಗಳಲ್ಲಿ ಒಂದೂ ಹೇಳಲ್ಲ.

“ದಕ್ಷಿಣದ ರಾಜ್ಯಗಳಿಗೆ ಇದೆಲ್ಲ ಒಗ್ಗಲ್ಲ” ಅನ್ನೋರಿಗೆ ಫ್ಲೋರಿಡಾ ಇದೆ. ಅದೂ ದಕ್ಷಿಣವೇ, ಅಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. 2020ರ ನವೆಂಬರಿನಲ್ಲಿ ಟ್ರಂಪ್ ಅವರನ್ನು ಗೆಲ್ಲಿಸಿದ ಅದೇ ಮತದಾರರು ಅದೇ ದಿನ, ಶೇಕಡಾ 60ಕ್ಕೂ ಹೆಚ್ಚು ಮತಗಳಿಂದ, ಕನಿಷ್ಠ ಕೂಲಿಯನ್ನು ಹಂತಹಂತವಾಗಿ 2026ರ ಸೆಪ್ಟೆಂಬರಿಗೆ 15 ಡಾಲರ್ ಮಾಡಲು ಒಪ್ಪಿದರು. ಟೆಕ್ಸಾಸ್‌ನ ಜನಕ್ಕೆ ಹಾಗೆ ಸಹಿ ಸಂಗ್ರಹಿಸಿ ಮತಕ್ಕೆ ಇಡುವ ದಾರಿಯೇ ಇಲ್ಲ. ಶಾಸಕಾಂಗ ಒಪ್ಪಿದರೆ ಮಾತ್ರ ಉಂಟು.

ಸರ್ಕಾರ ಮಧ್ಯೆ ಬರಬಾರದು ಅಂತೀರಲ್ಲ, ಇಲ್ಲಿ ಸರ್ಕಾರ ಆಗಲೇ ಮಧ್ಯೆ ಬಂದಿದೆ. ಆಸ್ಟಿನ್ ನಗರ 2022ರಲ್ಲಿ ತನ್ನ ಸ್ವಂತ ನೌಕರರ ಕನಿಷ್ಠ ಕೂಲಿಯನ್ನು 20 ಡಾಲರ್ ಮಾಡಿತು. ಅದೇ ನಗರದ ಖಾಸಗಿ ಮಾಲೀಕರಿಗೆ ಅಂಥ ನಿಯಮ ಮಾಡೋಕೆ ರಾಜ್ಯದ ಕಾನೂನು ಬಿಡಲ್ಲ. ಕಟ್ಟಡ ಕಾರ್ಮಿಕರಿಗೆ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷ ನೀರು ಕುಡಿಯೋಕೆ ಬಿಡುವು ಕೊಡಬೇಕು ಅಂತ ಆಸ್ಟಿನ್ 2010ರಲ್ಲಿ, ಡಾಲಸ್ 2015ರಲ್ಲಿ ನಿಯಮ ಮಾಡಿದ್ದವು. ಅಂಥ ನಗರ ನಿಯಮಗಳನ್ನೇ ಅಳಿಸಿಹಾಕುವ ಹೌಸ್ ಬಿಲ್ 2127 ಅನ್ನು ರಾಜ್ಯ 2023ರ ಬೇಸಿಗೆಗೆ ಸರಿಯಾಗಿ ಕಾನೂನು ಮಾಡಿತು. ನೀವು ಈಗ ಕೂತು ಇದನ್ನು ಓದುತ್ತಿರುವ ಮನೆಯ ಚಾವಣಿಯನ್ನು ನೂರು ಡಿಗ್ರಿ ಬಿಸಿಲಲ್ಲಿ ಹೊದಿಸಿದವರ ನೀರಿನ ವಿಷಯ ಇದು. ಇದನ್ನು ಮಾರ್ಕೆಟ್ ಅಂತ ಕರೀಬೇಡಿ.

ನಮ್ಮ ಸಂಬಳವನ್ನು ಕಾಯ್ದದ್ದು ಯಾರು?

ಈಗ ನಮ್ಮ ವಿಷಯ. ನಿಮ್ಮ ಎಚ್-1ಬಿ ಫೈಲಿನಲ್ಲಿ ಎಲ್‌ಸಿಎ ಅನ್ನೋ ಒಂದು ಕಾಗದ ಇದೆ. ಬಹಳಷ್ಟು ಜನ ಸ್ಟ್ಯಾಂಪಿಂಗ್ ದಿನ ಅದನ್ನು ಫೋಲ್ಡರಿಗೆ ಸೇರಿಸ್ತಾರೆ, ಓದೋದಿಲ್ಲ. ಒಂದು ಸಲ ತೆಗೆದು ಓದಿ.

ಅದರಲ್ಲಿ ನಿಮ್ಮ ವೃತ್ತಿ ಇದೆ, ನೀವು ಕೆಲಸ ಮಾಡುವ ಊರು ಇದೆ, ಒಂದರಿಂದ ನಾಲ್ಕರವರೆಗಿನ ಮಟ್ಟಗಳಲ್ಲಿ ನಿಮ್ಮದು ಯಾವುದು ಅಂತ ಇದೆ. ಆ ವೃತ್ತಿಗೆ, ಆ ಊರಲ್ಲಿ, ಆ ಮಟ್ಟಕ್ಕೆ ಕಾರ್ಮಿಕ ಇಲಾಖೆ ಗುರುತಿಸಿದ ಸಂಬಳ ಇದೆ. ಆ ಸಂಬಳ, ಅಥವಾ ಅದೇ ಕೆಲಸ ಮಾಡುವ ಬೇರೆಯವರಿಗೆ ಕಂಪನಿ ಕೊಡುತ್ತಿರುವ ಸಂಬಳ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಒಂದು ಡಾಲರ್ ಕಡಿಮೆಯನ್ನೂ ನಿಮಗೆ ಕೊಡೋ ಹಾಗಿಲ್ಲ. ಆ ದರಪಟ್ಟಿ ಪ್ರತಿ ವರ್ಷ ಜುಲೈ 1ಕ್ಕೆ ಹೊಸದಾಗುತ್ತೆ. ಏಳೂಕಾಲರ ದರ 2009ರ ಜುಲೈನಲ್ಲಿ ನಿಂತುಹೋಯಿತು, ನಮ್ಮದು ಪ್ರತಿ ಜುಲೈನಲ್ಲೂ ಮುಂದಕ್ಕೆ ಹೋಗುತ್ತೆ. ಆ ಅರ್ಜಿಯ ವಿವರವನ್ನು ಕಂಪನಿ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಬೇಕು, ಇಲಾಖೆ ಆ ಅರ್ಜಿಗಳ ಮಾಹಿತಿಯನ್ನು ಸಾರ್ವಜನಿಕವಾಗಿ ಬಿಡುಗಡೆ ಮಾಡುತ್ತೆ. ಇನ್ನೊಂದು: ಪ್ರಾಜೆಕ್ಟ್ ಇಲ್ಲ ಅಂತ ಕಂಪನಿ ನಿಮ್ಮನ್ನು ಬೆಂಚಿನಲ್ಲಿ ಕೂರಿಸಿದರೂ ಸಂಬಳ ಕೊಡಲೇಬೇಕು, 1998ರ ಕಾನೂನು ಅದು. ಗಿರಾಕಿ ಕಡಿಮೆ ಇದ್ದ ದಿನ “ಇವತ್ತು ನೀನು ಬೇಗ ಮನೆಗೆ ಹೋಗು” ಅಂತ ಗಂಟೆ ಕತ್ತರಿಸಿಕೊಳ್ಳುವ ಹೋಟೆಲ್ ಹುಡುಗಿಗೆ ಇದನ್ನು ಹೇಳಿ ನೋಡಿ, ನಂಬಲ್ಲ.

ನಮ್ಮ ಮೇಲಿನ ಪ್ರೀತಿಗೆ ಅವರು ಈ ಕಾನೂನು ಮಾಡಲಿಲ್ಲ. ಅಗ್ಗದ ಕೆಲಸಗಾರರು ಬಂದು ಇಲ್ಲಿಯವರ ಸಂಬಳ ಇಳಿಸಬಾರದು ಅಂತ ಮಾಡಿದರು. ಮೊದಲ ಎರಡು ಮಟ್ಟಗಳ ದರ ತೀರಾ ಕಡಿಮೆ ಅನ್ನೋ ಟೀಕೆಯೂ ಇದೆ. ಕಾನೂನು ಮುರಿಯುವ ಕನ್ಸಲ್ಟೆನ್ಸಿಗಳ ಕಥೆ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಲಾಭ ಯಾರಿಗೆ ಆಯಿತು? ವೀಸಾದ ಹೆದರಿಕೆಯಿಂದ ಚೌಕಾಸಿ ಮಾಡೋಕೇ ಬಾರದ ಸ್ಥಿತಿಯಲ್ಲಿದ್ದ ನಮಗೆ, ನಮ್ಮ ಪರವಾಗಿ ಸರ್ಕಾರ ಚೌಕಾಸಿ ಮಾಡಿಕೊಟ್ಟಿತು. ಮಾರ್ಕೆಟ್ಟಿಗೇ ಬಿಟ್ಟಿದ್ದರೆ ಎಂಎಸ್ ಮುಗಿಸಿ ಸಾಲ ಹೊತ್ತು ನಿಂತಿದ್ದ ಹುಡುಗ ಇದರ ಅರ್ಧಕ್ಕೂ ಕೈಮುಗಿದು ಸೇರಿಕೊಳ್ಳುತ್ತಿದ್ದ. ಕಂಪನಿಗಳಿಗೆ ಅದು ಗೊತ್ತು. ಕಾನೂನು ಇರೋದೇ ಅದಕ್ಕೆ.

ದುರ್ಬಲ ಜಾಗದಲ್ಲಿ ನಿಂತವನ ಸಂಬಳವನ್ನು ಕಾನೂನು ಕಾಯಬೇಕು ಅನ್ನೋ ತತ್ವ ನಮ್ಮ ವಿಷಯದಲ್ಲಿ ಸರಿ ಅಂತಾದರೆ, ನಮ್ಮ ಆಫೀಸಿನ ಕಸ ತೆಗೆಯುವವಳ ವಿಷಯದಲ್ಲಿ ತಪ್ಪು ಹೇಗಾಗುತ್ತೆ? ಹತ್ತಿದ ಏಣಿಯನ್ನು ಒದ್ದು ಬೀಳಿಸಿ, “ನಾನು ಹಾರಿಕೊಂಡೇ ಬಂದೆ” ಅನ್ನೋದು ಯಾವ ನ್ಯಾಯ?

ಆ ಅರ್ಧ ಸತ್ಯ

ಟ್ಯಾಕ್ಸ್ ಇಲ್ಲ ಅನ್ನೋ ಮಾತಿಗೂ ಒಂದೆರಡು ಸಾಲು. ವೈಯಕ್ತಿಕ ಆದಾಯದ ಮೇಲೆ ರಾಜ್ಯದ ತೆರಿಗೆ ಇಲ್ಲ, 2019ರಲ್ಲಿ ಅದನ್ನು ಸಂವಿಧಾನದಲ್ಲೇ ನಿಷೇಧಿಸಿದರು. ಸರಿ. ಆದರೆ 15 ಸಾವಿರ ದುಡಿಯೋನಿಗೆ ಆದಾಯ ತೆರಿಗೆ ಇರುವ ರಾಜ್ಯದಲ್ಲೂ ಬೀಳುತ್ತಿದ್ದದ್ದು ಅಲ್ಪವೇ. ಅವನಿಗೆ ಉಳಿದದ್ದೇನು? ನಮಗೆ ಉಳಿದದ್ದು ಸಾವಿರಾರು ಡಾಲರ್. ಸೇಲ್ಸ್ ಟ್ಯಾಕ್ಸ್ ಮಾತ್ರ ಇಬ್ಬರಿಗೂ ಒಂದೇ: ರಾಜ್ಯದ್ದು ಶೇಕಡಾ 6.25, ಊರಿನದು ಸೇರಿ 8.25ರ ತನಕ. ದಿನಸಿಗೆ, ಔಷಧಿಗೆ ಇಲ್ಲ ಅನ್ನೋದು ನಿಜ. ಮಗುವಿನ ಶೂಗೆ, ಸೋಪಿಗೆ, ಕಾರಿನ ಟೈರಿಗೆ ಇದೆ. ಪ್ರಾಪರ್ಟಿ ಟ್ಯಾಕ್ಸ್ ಕಡಿಮೆ ಮಾಡ್ತೀವಿ ಅಂತ 2023ರಲ್ಲಿ ಶಾಲಾ ತೆರಿಗೆಯ ಹೋಮ್‌ಸ್ಟೆಡ್ ವಿನಾಯಿತಿಯನ್ನು 40 ಸಾವಿರದಿಂದ 1 ಲಕ್ಷ ಡಾಲರಿಗೆ ಏರಿಸಿದರು. ಅದು ಸ್ವಂತ ಮನೆಯಲ್ಲಿ ಇರುವವರಿಗೆ ಮಾತ್ರ. ಬಾಡಿಗೆದಾರನಿಗೆ ಆ ವಿನಾಯಿತಿ ಇಲ್ಲ, ಮಾಲೀಕನ ತೆರಿಗೆ ಅವನ ಬಾಡಿಗೆಯೊಳಗೇ ಅಡಗಿ ಕೂತಿರುತ್ತೆ.

ನಮ್ಮ ಅಂಗಳದಲ್ಲೇ

ಕೊನೆಗೆ, ಶಾಸಕಾಂಗದ ವಿಷಯ ಆಸ್ಟಿನ್‌ನಲ್ಲಿರಲಿ, ನಮ್ಮ ಅಂಗಳದ ವಿಷಯ ಮಾತಾಡೋಣ. ಸ್ಟೂಡೆಂಟ್ ವೀಸಾದ ಹುಡುಗರನ್ನು ಅಡುಗೆಮನೆಯ ಹಿಂಬಾಗಿಲಿಂದ ಒಳಗೆ ಕರೆದು, ಕೈಗೆ ಕ್ಯಾಶ್ ಕೊಟ್ಟು, ಏಳೂಕಾಲೂ ಕೊಡದೆ ಪಾತ್ರೆ ಉಜ್ಜಿಸುವ ನಮ್ಮವರದೇ ಹೋಟೆಲುಗಳಿವೆ. ಹುಡುಗ ದೂರು ಕೊಡಲಾರ ಅನ್ನೋ ಧೈರ್ಯ. ಮಗು ನೋಡಿಕೊಳ್ಳೋ ‘ಆಂಟಿ’ಗೆ ದಿನಕ್ಕೆ ಹತ್ತು ಗಂಟೆ ದುಡಿಸಿ, “ಮನೆಯವರ ಥರಾನೇ ನೋಡ್ಕೋತೀವಿ” ಅಂತ ಲೆಕ್ಕ ತಪ್ಪಿಸುವ ಮನೆಗಳಿವೆ. ಕೇಳಿಸಿಕೊಳ್ಳಿ: ಕನಿಷ್ಠ ಕೂಲಿಯ ಕಾನೂನು ವೀಸಾ ಕೇಳಲ್ಲ. ಕೆಲಸ ಮಾಡಿಸಿದ ಮೇಲೆ ಕೂಲಿ ಕೊಡಲೇಬೇಕು. 1938ರಲ್ಲಿ ಆ ಕಾನೂನು ಬಂದಾಗ ಮನೆಗೆಲಸ, ಹೊಲದ ಕೆಲಸ ಎರಡನ್ನೂ ಹೊರಗಿಟ್ಟಿದ್ದರು. ದಕ್ಷಿಣದ ಕಪ್ಪು ಜನರಲ್ಲಿ ಬಹುಪಾಲು ದುಡಿಯುತ್ತಿದ್ದದ್ದೇ ಆ ಎರಡು ಕೆಲಸಗಳಲ್ಲಿ. ಮನೆಗೆಲಸದವರು ಆ ಕಾನೂನಿನೊಳಗೆ ಬರೋಕೆ 1974ರ ತನಕ ಕಾಯಬೇಕಾಯಿತು. ಅವರು ಹೋರಾಡಿ ಪಡೆದದ್ದನ್ನು ನಮ್ಮ ಅಡುಗೆಮನೆಯಲ್ಲಿ ನಾವು ವಾಪಸು ಕಿತ್ತುಕೊಳ್ಳೋದು ಬೇಡ.

ಸಿಟಿಜನ್ ಆಗಿರುವವರು ಇದ್ದೀರಿ, ನಿಮ್ಮ ಸಂಖ್ಯೆ ಈಗ ಕಮ್ಮಿಯೇನಿಲ್ಲ. ಟೆಕ್ಸಾಸ್ ಶಾಸಕಾಂಗದ ನಿಯಮಿತ ಅಧಿವೇಶನ ನಡೆಯೋದು ಎರಡು ವರ್ಷಕ್ಕೊಮ್ಮೆ, ಬೆಸ ವರ್ಷದ ಜನವರಿಯಿಂದ 140 ದಿನ. ಕನಿಷ್ಠ ಕೂಲಿ ಹೆಚ್ಚಿಸುವ ಮಸೂದೆಗಳು ಅಲ್ಲಿಗೆ ಬರುತ್ತವೆ, ಮುಂದಕ್ಕೆ ಹೋಗದೆ ಸಾಯುತ್ತವೆ. ಪ್ರಾಪರ್ಟಿ ಟ್ಯಾಕ್ಸ್ ಜಾಸ್ತಿಯಾಯಿತು ಅಂತ ಪ್ರತಿ ವರ್ಷ ತಪ್ಪದೆ ಪ್ರೊಟೆಸ್ಟ್ ಫೈಲ್ ಮಾಡ್ತೀರಿ. ಅದೇ ಶ್ರದ್ಧೆಯಲ್ಲಿ ನಿಮ್ಮ ಶಾಸಕರ ಕಚೇರಿಗೆ ಒಂದು ಫೋನ್ ಮಾಡಿ. ಕನ್ನಡ ಕೂಟದ ಕಮಿಟಿಯಲ್ಲಿ ಇರುವವರು ರಾಜ್ಯೋತ್ಸವಕ್ಕೆ ಕೇಟರಿಂಗ್ ಕೊಡುವಾಗ, ಸಭಾಂಗಣ ತೊಳೆಸುವಾಗ, “ಕೆಲಸದವರಿಗೆ ಗಂಟೆಗೆ ಎಷ್ಟು ಕೊಡ್ತೀರಿ?” ಅಂತ ಕೇಳಿ. ತಟ್ಟೆಗೆ ಒಂದು ಡಾಲರ್ ಹೆಚ್ಚಾದರೆ ಆಗಲಿ.

ಓಟು ಇಲ್ಲದವರಿಗೆ ಬಾಯಂತೂ ಇದೆ. ಕಾಫಿ ಹೊತ್ತಿಗೆ ಆ ಮಾರ್ಕೆಟ್ಟಿನ ಮಾತು ಬಂದಾಗ ಸುಮ್ಮನೆ ತಲೆಯಾಡಿಸಬೇಡಿ. ಒಂದೇ ಪ್ರಶ್ನೆ ಕೇಳಿ: “ನಿಮ್ಮ ಎಲ್‌ಸಿಎ ಮೇಲೆ ಎಷ್ಟು ಅಂತ ಇತ್ತು ಸಾರ್? ಆ ದರ ಕಟ್ಟಿದ್ದು ಯಾರು?”